ಉಳಿದ ಗಂಟೆಗಳು ಯಾರಿಗೆ?

ನಮ್ಮ ಧರ್ಮಕೇಂದ್ರದ ಯುವತಿಯೊಬ್ಬಳು ಬೆಂಗಳೂರಿನ ಕಚೇರಿಯೊಂದರಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಆಗಿದ್ದಾಳೆ. ಅಮೆರಿಕದಲ್ಲಿ ನಿರ್ಮಾಣವಾಗುವ ಕಟ್ಟಡಗಳ ತೊಲೆ, ಕಂಬಗಳ ಲೆಕ್ಕವೂ ನಕ್ಷೆಗಳೂ ಅಲ್ಲಿ ಸಿದ್ಧವಾಗುತ್ತವೆ. ಹಬ್ಬಕ್ಕೆಂದು ಊರಿಗೆ ಬಂದವಳು, ತನಗೆ ಗಣಿತ ಕಲಿಸಿದ ಮೇಷ್ಟ್ರನ್ನು ಕಾಣಲು ಮನೆಗೆ ಬಂದಿದ್ದಳು. ಮುಂದಿನ ಐದು ವರ್ಷಗಳ ಯೋಜನೆಯನ್ನು ರೂಪಿಸಲು ಸಂಸ್ಥೆಯ ಹಿರಿಯರು ಸಭೆ ಕರೆದಿದ್ದರಂತೆ. ಯಾವ ಬಗೆಯ ಕೆಲಸಗಳಿಗೆ ಟೆಂಡರ್ ಹಾಕಬೇಕು, ಯಾವುದನ್ನು ಕೈಬಿಡಬೇಕು, ಎಷ್ಟು ಮಂದಿ ಬೇಕು ಎಂಬುದನ್ನೆಲ್ಲ ಕೃತಕ ಬುದ್ಧಿಮತ್ತೆಯಿಂದ ಲೆಕ್ಕ ಹಾಕಿಸಿ ಪರದೆಯ ಮೇಲೆ ತೋರಿಸಿದರಂತೆ. ಕೊನೆಯ ಪುಟದಲ್ಲಿ ಒಂದು ಸಾಲಿತ್ತು: ಹೊಸದಾಗಿ ಪದವಿ ಪಡೆದವರ ನೇಮಕ ಮೂರು ವರ್ಷ ಅನಗತ್ಯ.

“ಸರ್, ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೂ ನನಗೇಕೋ ಮನಸ್ಸು ಒಪ್ಪಲಿಲ್ಲ” ಎಂದಳು.

ಆ ಒಪ್ಪದ ಮನಸ್ಸಿನ ಬಗ್ಗೆ ನಾನು ಹಲವು ದಿನ ಯೋಚಿಸಿದೆ. ಯಂತ್ರವನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಶಾಲೆಗೆ ಕ್ಯಾಲ್ಕ್ಯುಲೇಟರ್ ಕಾಲಿಟ್ಟಾಗ ಮಕ್ಕಳು ಮಗ್ಗಿ ಮರೆಯುತ್ತಾರೆಂದು ಗೊಣಗಿದವರಲ್ಲಿ ನಾನೂ ಒಬ್ಬ. ಆ ಗೊಣಗಾಟದಲ್ಲಿ ಅರ್ಧ ಮಾತ್ರ ಸತ್ಯವಿತ್ತು. ಒಂದೇ ಬಗೆಯ ನಕ್ಷೆಯನ್ನು ನೂರು ಸಲ ತಿದ್ದುವುದರಲ್ಲಿ ಪಾವಿತ್ರ್ಯವೇನೂ ಇಲ್ಲ. ಇಂತಹ ಸಂಸ್ಥೆಗಳು ಬಹುಮಟ್ಟಿಗೆ ದುಡಿದ ಗಂಟೆಗಳ ಲೆಕ್ಕದಲ್ಲಿ ಶುಲ್ಕ ನಿಗದಿ ಮಾಡುತ್ತವೆ. ನಲವತ್ತು ಗಂಟೆಯ ಕೆಲಸವನ್ನು ಯಂತ್ರ ನಾಲ್ಕು ಗಂಟೆಯಲ್ಲಿ ಮುಗಿಸಿತೆನ್ನಿ. ಉಳಿದ ಮೂವತ್ತಾರು ಗಂಟೆಗಳನ್ನು ಶುಲ್ಕ ತಗ್ಗಿಸಲು ಬಳಸಬೇಕೋ, ಲಾಭಕ್ಕೆ ಸೇರಿಸಬೇಕೋ, ಮಾಡಿದ್ದನ್ನು ಮರುಪರಿಶೀಲಿಸಲು ಕೊಡಬೇಕೋ, ಕಿರಿಯರಿಗೆ ಕಲಿಸಲು ಮೀಸಲಿಡಬೇಕೋ? ಮೇಲ್ನೋಟಕ್ಕೆ ಇದು ವ್ಯವಹಾರದ ಪ್ರಶ್ನೆ. ಆದರೆ ಆ ಚಾವಣಿಯ ಕೆಳಗೆ ನಾಳೆ ಕುಳಿತುಕೊಳ್ಳುವವರು ಈ ಸಭೆಯಲ್ಲಿ ಇರುವುದಿಲ್ಲ. ಅವರ ಪರವಾಗಿ ಯಾರು ಮಾತನಾಡಬೇಕು?

ಅಮೆರಿಕದ ಹಾರ್ಟ್‌ಫರ್ಡ್ ನಗರದ ಸಿವಿಕ್ ಸೆಂಟರ್‌ನಲ್ಲಿ ನಡೆದದ್ದನ್ನು ನೋಡಿ. ಅದರ ಕ್ರೀಡಾಂಗಣದ ವಿಶಾಲವಾದ ಉಕ್ಕಿನ ಚಾವಣಿಯನ್ನು 1970ರ ದಶಕದ ಆರಂಭದಲ್ಲಿ ಕಂಪ್ಯೂಟರ್ ಲೆಕ್ಕವನ್ನು ನೆಚ್ಚಿ ವಿನ್ಯಾಸಗೊಳಿಸಲಾಗಿತ್ತು. ಅದರಿಂದ ಹಣವೂ ಉಳಿದಿತ್ತು. ಚೌಕಟ್ಟು ಮೇಲೇರಿದಾಗ ಅದು ಲೆಕ್ಕದಲ್ಲಿದ್ದುದಕ್ಕಿಂತ ಸುಮಾರು ಎರಡರಷ್ಟು ಬಾಗಿತು. ಅಳತೆ ಕಣ್ಣೆದುರಿಗೇ ಇತ್ತು. ಲೆಕ್ಕಕ್ಕೂ ವಾಸ್ತವಕ್ಕೂ ಸ್ವಲ್ಪ ವ್ಯತ್ಯಾಸ ಸಹಜ ಎಂಬ ಉತ್ತರ ಬಂದು ಕೆಲಸ ಮುಂದುವರಿಯಿತು. 1978ರ ಜನವರಿ 18ರ ನಸುಕಿನಲ್ಲಿ, ಹಿಮದ ಭಾರಕ್ಕೆ ಆ ಚಾವಣಿ ಕುಸಿಯಿತು. ಕೆಲವೇ ಗಂಟೆಗಳ ಹಿಂದೆ ಸುಮಾರು ಐದು ಸಾವಿರ ಮಂದಿ ಅಲ್ಲಿ ಬಾಸ್ಕೆಟ್‌ಬಾಲ್ ಪಂದ್ಯ ನೋಡಿ ಮನೆಗೆ ತೆರಳಿದ್ದರು. ಯಾರಿಗೂ ಗಾಯವಾಗಲಿಲ್ಲ. ಅದು ಯಾರ ಜಾಣ್ಮೆಯೂ ಅಲ್ಲ, ಗಡಿಯಾರದ ಕೃಪೆ.

ನನ್ನನ್ನು ಇದಕ್ಕಿಂತಲೂ ಹೆಚ್ಚು ಕಾಡುವುದು ನಾರ್ವೆಯ ಸ್ಲೈಪ್ನರ್-ಎ ಪ್ರಕರಣ. ಸಮುದ್ರದಲ್ಲಿ ಅನಿಲ ತೆಗೆಯುವ ವೇದಿಕೆಗಾಗಿ ಕಟ್ಟಿದ ಬೃಹತ್ ಕಾಂಕ್ರೀಟ್ ತಳಹದಿ ಅದು. 1991ರ ಆಗಸ್ಟ್ 23ರಂದು, ಸ್ಟಾವೆಂಜರ್ ಸಮೀಪದ ಕಡಲ ಚಾಚಿನಲ್ಲಿ ಅದನ್ನು ನೀರಿಗಿಳಿಸಿ ಪರೀಕ್ಷಿಸುತ್ತಿದ್ದಾಗ ಒಳಗೋಡೆಯೊಂದು ಬಿರಿದು, ಇಡೀ ರಚನೆ ಮುಳುಗಿ ಪುಡಿಯಾಯಿತು. ಜೀವಹಾನಿಯಾಗಲಿಲ್ಲ, ನಷ್ಟ ಸುಮಾರು 70 ಕೋಟಿ ಡಾಲರ್. ಕಂಪ್ಯೂಟರ್ ವಿಶ್ಲೇಷಣೆಗಾಗಿ ಗೋಡೆಯನ್ನು ತುಂಡುಗಳಾಗಿ ವಿಂಗಡಿಸಿದ್ದು ತೀರಾ ಒರಟಾಗಿತ್ತು. ಹೀಗಾಗಿ ಅಲ್ಲಿನ ಶಿಯರ್ ಒತ್ತಡವನ್ನು ಶೇಕಡಾ 47ರಷ್ಟು ಕಡಿಮೆಯಾಗಿ ಅಂದಾಜು ಮಾಡಲಾಗಿತ್ತು. ಉಕ್ಕಿನ ಸರಳುಗಳನ್ನೂ ಅಲ್ಲಿ ಸಾಕಷ್ಟು ಬಿಗಿಯಾಗಿ ಜೋಡಿಸಿರಲಿಲ್ಲ.

ಮುಂದಿನದನ್ನು ಗಮನಿಸಿ. ಹೊಸ ವೇದಿಕೆ ಬೇಗನೆ ಬೇಕಿತ್ತು. ಆದರೆ ಕಂಪ್ಯೂಟರ್ ಲೆಕ್ಕದ ಮೇಲಿನ ವಿಶ್ವಾಸ ಹೋಗಿತ್ತು. ಆಗ ಎಂಜಿನಿಯರುಗಳು ಸ್ಲೈಡ್ ರೂಲ್ ಕಾಲದ ವಿಧಾನಗಳಿಗೆ ಮರಳಿ, ಕೈಲೆಕ್ಕದಿಂದಲೇ ವಿನ್ಯಾಸವನ್ನು ಆರಂಭಿಸಿದರು. ಕಂಪ್ಯೂಟರಿನ ಹೊಸ ಫಲಿತಾಂಶಗಳು ಕೈಗೆ ಬರುವ ವೇಳೆಗೆ ಮುಖ್ಯ ನಿರ್ಧಾರಗಳೆಲ್ಲ ಆಗಿಹೋಗಿದ್ದವು. ಅಂಥ ಕೈಲೆಕ್ಕವನ್ನು ಬಲ್ಲವರು ಆ ದಿನ ಇದ್ದುದರಿಂದ ಅದು ಸಾಧ್ಯವಾಯಿತು. ಅವರು ದಶಕಗಳ ಹಿಂದೆ, ಯಾವುದೋ ಹಿರಿಯರ ಪಕ್ಕದಲ್ಲಿ ಕುಳಿತು ಸಣ್ಣಪುಟ್ಟ ತೊಲೆಗಳ ಲೆಕ್ಕ ಮಾಡಿ, ಬೈಸಿಕೊಂಡು, ತಿದ್ದಿಕೊಂಡು ಕಲಿತವರಲ್ಲವೇ?

ನಮ್ಮ ಹುಡುಗಿಯ ಮನಸ್ಸು ಒಪ್ಪದಿದ್ದುದು ಬಹುಶಃ ಇಲ್ಲಿಯೇ. ಅಮೆರಿಕದಲ್ಲಿ ಪರವಾನಗಿ ಪಡೆದ ಎಂಜಿನಿಯರು ನಕ್ಷೆಯ ಮೇಲೆ ತನ್ನ ಮೊಹರನ್ನು ಒತ್ತಿದರೆ ಅದಕ್ಕೆ ಆತನೇ ಹೊಣೆ. ಆ ಪರವಾನಗಿಗೆ ಪದವಿಯ ಅನಂತರ ಸಾಮಾನ್ಯವಾಗಿ ನಾಲ್ಕು ವರ್ಷಗಳ ಅನುಭವ ಬೇಕು. ಯಂತ್ರಕ್ಕೆ ಮೊಹರಿಲ್ಲ, ತಪ್ಪಾದಾಗ ಅದನ್ನು ಕಟಕಟೆಗೆ ಕರೆಯುವಂತಿಲ್ಲ. ಸಂಶಯಪಡುವ ಎಂಜಿನಿಯರು ಇಪ್ಪತ್ತು ವರ್ಷಗಳ ಬಳಿಕ ಬೇಕೆಂದಾದರೆ, ಆತನನ್ನು ಇಂದೇ ನೇಮಿಸಬೇಕು. ಆತ ಮಾಡುವ ಪ್ರಾಥಮಿಕ ಕೆಲಸವನ್ನು ಯಂತ್ರ ಅಗ್ಗವಾಗಿ ಮಾಡುತ್ತದೆಂಬುದು ನಿಜ. ಆದರೆ ಆ ಕೆಲಸದ ಫಲ ನಕ್ಷೆಯೊಂದೇ ಆಗಿರಲಿಲ್ಲ, ಅದನ್ನು ಬರೆದವನೂ ಆಗಿದ್ದ. ಪರದೆಯ ಮೇಲಿನ ಲೆಕ್ಕದಲ್ಲಿ ಈ ಎರಡನೆಯದಕ್ಕೆ ಅಂಕಣವೇ ಇರಲಿಲ್ಲ.

ಯೋಜನೆಯ ಇನ್ನೊಂದು ಅಂಶವನ್ನೂ ಆಕೆ ಹೇಳಿದಳು. ಹಳೆಯ ಟೆಂಡರುಗಳ ಲಾಭನಷ್ಟವನ್ನು ಆಧರಿಸಿ ಯಂತ್ರವು ಕೆಲಸಗಳಿಗೆ ಅಂಕ ನೀಡಿತ್ತು. ಹಳೆಯ ಶಾಲಾ ಕಟ್ಟಡಗಳ ದುರಸ್ತಿ ಪಟ್ಟಿಯ ಕೊನೆಯಲ್ಲಿತ್ತು. ಇದರಲ್ಲಿ ಆಶ್ಚರ್ಯವೇನಿದೆ? ನಿನ್ನೆ ಯಾವುದು ಲಾಭ ತಂದಿತು ಎಂಬ ಮಾಹಿತಿಯಿಂದ, ನಾಳೆ ಯಾವುದನ್ನು ಕಟ್ಟುವುದು ಯೋಗ್ಯ ಎಂಬ ಉತ್ತರ ಹುಟ್ಟುವುದಿಲ್ಲ. ಅದನ್ನು ಮೇಜಿನ ಸುತ್ತ ಕುಳಿತವರೇ ಹೇಳಬೇಕು. ಹೇಳಲು ಅಂಜಿದಾಗ ಯಂತ್ರದ ಅಂಕಪಟ್ಟಿ ಒಳ್ಳೆಯ ಮರೆ.

ಸಂಬಳದ ಹೊರೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಪಕ್ಕದ ಸಂಸ್ಥೆ ಅರ್ಧ ಶುಲ್ಕಕ್ಕೆ ಕೆಲಸ ಒಪ್ಪಿಕೊಂಡರೆ, ಕಿರಿಯರನ್ನು ಸಾಕುವ ಸಂಸ್ಥೆ ಬಾಗಿಲು ಮುಚ್ಚಬೇಕಾದೀತು. ಆಗ ಇರುವವರಿಗೂ ಕೆಲಸವಿಲ್ಲ. ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ.

“ಸಭೆಯಲ್ಲಿ ನೀನೇನು ಹೇಳಿದೆ?” ಎಂದು ಕೇಳಿದೆ. ಪರಿಶೀಲನೆಗೆ ಎಷ್ಟು ಗಂಟೆ ಇಟ್ಟಿದ್ದೀರಿ ಎಂದಷ್ಟೇ ಕೇಳಿದಳಂತೆ. ಕ್ಷಣಕಾಲ ಯಾರೂ ಮಾತನಾಡಲಿಲ್ಲ. ಆಮೇಲೆ ಅಧ್ಯಕ್ಷರು ಕಾಗದದ ಮೇಲೆ ಏನನ್ನೋ ಗುರುತು ಹಾಕಿಕೊಂಡು, ಮುಂದಿನ ತಿಂಗಳ ಸಭೆಗೆ ಆ ಲೆಕ್ಕವನ್ನು ಆಕೆಯೇ ತರಬೇಕೆಂದರಂತೆ. ಅದನ್ನು ಕೈಯಲ್ಲೇ ಮಾಡುತ್ತಿದ್ದೇನೆ ಎಂದಳು.