ದಿರಸೂ ಮುಖವೂ

ಆಧಾರ ವಚನಗಳು: 1 ಸಮುವೇಲ 16:7, ಯಾಕೋಬ 2:1-4



ದಿರಸು ಧರಿಸಿದ ಅಧಿಕಾರಿಯ ಭಾವಚಿತ್ರವನ್ನು ಎಣ್ಣೆಬಣ್ಣದಲ್ಲಿ ಬರೆಯುವ ಕ್ರಮವನ್ನು ಆಲೋಚಿಸೋಣ. ಬಂಗಾರದ ಗುಂಡಿಯನ್ನು ತೋರಿಸುವದಕ್ಕೆ ಚಿತ್ರಗಾರನಿಗೆ ಬಂಗಾರವು ಬೇಕಾಗಿಲ್ಲ. ಕಂದು ಬಣ್ಣದ ಮೇಲೆ ಸ್ವಲ್ಪ ಹಳದಿ, ಅದರ ಮೇಲೆ ಒಂದು ಬಿಳಿಯ ಚುಕ್ಕೆ. ಅಷ್ಟರಿಂದಲೇ ಗುಂಡಿಯು ಹೊಳೆಯುವದು. ಮುಖವಾದರೋ ಹಾಗಲ್ಲ. ಮೊದಲು ತೆಳುವಾಗಿ ನೆರಳನ್ನು ಹಾಕಿ, ಅದು ಒಣಗುವ ತನಕ ಕಾದು, ಬಳಿಕ ಎಣ್ಣೆ ಹೆಚ್ಚಾದ ಬಣ್ಣವನ್ನು ಪದರಪದರವಾಗಿ ಕೂಡಿಸಬೇಕು. ಆತುರಪಟ್ಟರೆ ಕಾಲಾಂತರದಲ್ಲಿ ಬಣ್ಣವು ಬಿರಿಯುವದು. ಮುಖವು ತಪ್ಪಿದರೆ ದಿರಸು ಎಷ್ಟು ಅಂದವಾಗಿದ್ದರೂ ಅದು ಆ ಮನುಷ್ಯನ ಚಿತ್ರವಾಗಲಾರದು.

ಇಂಥ ಚಿತ್ರಗಳಲ್ಲಿ ನಮ್ಮ ನಾಡಿಗೆ ಸಂಬಂಧಪಟ್ಟದ್ದೊಂದುಂಟು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಮೈಸೂರು ಸೀಮೆಯನ್ನು ಅಳತೆ ಮಾಡಿಸಿ, ಶಾಸನಗಳನ್ನೂ ಓಲೆಗರಿಗಳನ್ನೂ ಕೂಡಿಸಿದ ಕರ್ನಲ್ ಕಾಲಿನ್ ಮೆಕೆಂಜಿಯನ್ನು ಥಾಮಸ್ ಹಿಕಿ ಎಂಬ ಚಿತ್ರಗಾರನು 1816ರಲ್ಲಿ ಕೆಂಪು ದಿರಸಿನಲ್ಲಿ ಬರೆದನು. ಹಿಂದೆ ದೂರದಲ್ಲಿ ಗೊಮ್ಮಟನ ಮೂರ್ತಿಯು ಕಾಣುತ್ತದೆ. ಆದರೆ ಕರ್ನಲನು ಒಂಟಿಯಾಗಿ ನಿಂತಿಲ್ಲ. ಆತನಿಗೆ ನೆರವಾದ ಈ ದೇಶದವರು ಮೂವರು ಸುತ್ತಲೂ ಇದ್ದಾರೆ. ಒಬ್ಬನ ಕೈಯಲ್ಲಿ ದುರ್ಬೀನು, ಮತ್ತೊಬ್ಬನ ಕೈಯಲ್ಲಿ ಓಲೆಗರಿ. ಕೆಂಪು ದಿರಸು ಒಬ್ಬನದು, ಕೆಲಸವು ಅನೇಕರದು.

ನಮ್ಮ ಊರುಗಳಲ್ಲಿಯೂ ದಿರಸುಗಳುಂಟು. ಶಿವಮೊಗ್ಗದಲ್ಲಿ ಪೊಲೀಸಿನವರೂ ಅರಣ್ಯ ಇಲಾಖೆಯವರೂ ಇದ್ದಾರೆ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯು ನಡೆಯಲಾರಂಭಿಸಿದಂದಿನಿಂದ ಅದರ ಉಡುಪನ್ನು ತೊಟ್ಟವರು ಎಷ್ಟೋ ಮಂದಿ. ದಿರಸು ಪಾಪವಲ್ಲ, ಶತಾಧಿಪತಿಯ ನಂಬಿಕೆಯನ್ನು ಕರ್ತನೇ ಮೆಚ್ಚಿದನು. ಆದರೆ ದೇವಾಲಯದಲ್ಲಿ ದಿರಸಿನವನಿಗೆ ಮುಂದಿನ ಕುರ್ಚಿಯೂ ಕೂಲಿಯವನಿಗೆ ಬಾಗಿಲ ಬಳಿಯ ನೆಲವೂ ಆದರೆ, ನಾವು ಗುಂಡಿಗಳನ್ನು ನೋಡಿ ಮುಖವನ್ನು ಮರೆತವರಾಗುವೆವು. ಕೆಲಸದಿಂದ ನಿವೃತ್ತನಾಗಿ ದಿರಸನ್ನು ಕಳಚಿಟ್ಟವನನ್ನು ಮರುವಾರವೇ ಯಾರೂ ಮಾತಾಡಿಸದಿದ್ದರೆ, ಇಷ್ಟು ವರುಷ ನಾವು ಗೌರವಿಸಿದ್ದು ಯಾರನ್ನು?

ಸಿಪಾಯಿಗಳು ನಮ್ಮ ಕರ್ತನಿಗೂ ಕೆಂಪು ವಸ್ತ್ರವನ್ನು ತೊಡಿಸಿದರು. ಅದನ್ನು ಮಾತ್ರ ಕಂಡವರು ಹಾಸ್ಯಮಾಡಿದರು. ಆತನನ್ನು ಅರಿತವರು ರಕ್ಷಣೆಯನ್ನು ಹೊಂದಿದರು. ಆತನೇ ಈಗ ತನ್ನ ಸಾರೂಪ್ಯವನ್ನು ನಮ್ಮಲ್ಲಿ ಪದರಪದರವಾಗಿ ಬರೆಯುತ್ತಿದ್ದಾನೆ (2 ಕೊರಿಂಥ 3:18). ನೆರಳಿನ ದಿನಗಳು ಬಂದಾಗ ಕೆಲಸವು ಕೆಟ್ಟಿತೆಂದು ಎದೆಗುಂದದಿರೋಣ. ಬೆಳಕಿನ ಪದರವು ಇನ್ನೂ ಬರಲಿಕ್ಕಿದೆ. ಬರುವ ಭಾನುವಾರ, ಬಾಗಿಲ ಬಳಿ ಕೂತಿರುವವನ ಕೈಹಿಡಿದು ನಮ್ಮ ಪಕ್ಕಕ್ಕೆ ಕರೆದುಕೊಳ್ಳೋಣ. ಅವನ ಮುಖದಲ್ಲಿಯೂ ಅದೇ ಹಸ್ತದ ಕೆಲಸವು ನಡೆದಿದೆ. ಆಮೆನ್.