ಉಸಿರಿನ ದಾನವೂ ದಾನಿಯ ಹೊಣೆಯೂ

ಜೀವಿಯ ಹತ್ತು ಪ್ರಾಣಗಳಲ್ಲಿ ಶ್ವಾಸೋಚ್ಛ್ವಾಸವೂ ಒಂದೆಂದು ಜೈನಶಾಸ್ತ್ರವು ಗಣಿಸುತ್ತದೆ. ಆದುದರಿಂದ ಉಸಿರಿಗೆ ನೆರವಾಗುವುದು ಔಷಧದಾನವೂ ಹೌದು, ಅಭಯದಾನವೂ ಹೌದು. ಆದರೆ ಯಂತ್ರವೊಂದನ್ನು ಕೊಟ್ಟ ಮಾತ್ರಕ್ಕೆ ಆ ದಾನವು ಪೂರ್ಣವಾಗುವುದೇ?

2021ರ ಕೊರೋನಾ ಎರಡನೆಯ ಅಲೆಯಲ್ಲಿ ಜೈನ ಸಂಸ್ಥೆಗಳೂ ಸೇರಿದಂತೆ ಅನೇಕ ಸೇವಾಸಂಸ್ಥೆಗಳು ಆಕ್ಸಿಜನ್ ಕಾನ್ಸಂಟ್ರೇಟರುಗಳನ್ನು ಕೊಂಡು ರೋಗಿಗಳ ಮನೆಗಳಿಗೆ ಎರವಲು ಕೊಟ್ಟವು. ಅಲೆಯು ಇಳಿಯಿತು, ಶ್ವಾಸಕೋಶದ ದೀರ್ಘರೋಗವುಳ್ಳವರ ಏದುಸಿರು ಇಳಿಯಲಿಲ್ಲ. ಬೀಡಿ ಸೇದಿ ಎದೆ ಕೆಡಿಸಿಕೊಂಡವರು, ಸೌದೆಯೊಲೆಯ ಹೊಗೆಯಲ್ಲೇ ಆಯುಷ್ಯ ಸವೆಸಿದ ತಾಯಂದಿರು ದೊಡ್ಡಬಳ್ಳಾಪುರ, ಹೊಸಕೋಟೆಗಳ ಕಡೆಯ ಹಳ್ಳಿಗಳಲ್ಲಿಯೂ ಉಂಟು. ಅವರಿರುವಾಗ ಉಗ್ರಾಣದಲ್ಲಿ ಧೂಳು ಹಿಡಿದ ಯಂತ್ರವು ಪರಿಗ್ರಹವಲ್ಲದೆ ಮತ್ತೇನು?

ವಿಧಿ, ದ್ರವ್ಯ, ದಾತೃ, ಪಾತ್ರ, ಈ ನಾಲ್ಕರಿಂದ ದಾನದ ಫಲವು ಹೆಚ್ಚುಕಡಿಮೆಯಾಗುವುದೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ.

ಮೊದಲನೆಯದಾಗಿ ಪಾತ್ರ. 1981ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನವೊಂದರಲ್ಲಿ, ರಕ್ತದ ಆಮ್ಲಜನಕ ತೀರ ಕುಗ್ಗಿದ್ದ ರೋಗಿಗಳ ಪೈಕಿ ದಿನಕ್ಕೆ ಕನಿಷ್ಠ 15 ಗಂಟೆ ಆಮ್ಲಜನಕ ಪಡೆದ 42 ಮಂದಿಯಲ್ಲಿ 19 ಮಂದಿ ಐದು ವರ್ಷಗಳೊಳಗೆ ತೀರಿಕೊಂಡರು; ಪಡೆಯದ 45 ಮಂದಿಯಲ್ಲಿ ತೀರಿಕೊಂಡವರು 30. ಕೊರತೆಯು ಸಾಧಾರಣವಾಗಿದ್ದವರಿಗೆ ಇದರಿಂದ ಆಯುಷ್ಯವು ಹೆಚ್ಚಲಿಲ್ಲವೆಂದು 2016ರ ಅಮೆರಿಕದ ಅಧ್ಯಯನವು ತೋರಿಸಿತು. ಆದುದರಿಂದ ಪಾತ್ರರು ಯಾರೆಂಬುದನ್ನು ರಕ್ತಪರೀಕ್ಷೆ ಮಾಡಿದ ವೈದ್ಯರು ಹೇಳಬೇಕು. ಧರ್ಮದರ್ಶಿಗಳ ಬಾಂಧವ್ಯವು ಹೇಳಬಾರದು.

ಎರಡನೆಯದು ದ್ರವ್ಯ. ಈ ಯಂತ್ರವು ಕೋಣೆಯ ಗಾಳಿಯಿಂದ ಸಾರಜನಕವನ್ನು ಬೇರ್ಪಡಿಸಿ ಆಮ್ಲಜನಕವನ್ನು ಸಾಂದ್ರಗೊಳಿಸುತ್ತದೆ. ಸುಮಾರು 350 ವಾಟಿನ ಯಂತ್ರವು 15 ಗಂಟೆ ನಡೆದರೆ ದಿನಕ್ಕೆ ಐದು ಯೂನಿಟ್ಟಿಗೂ ಮಿಗಿಲು, ತಿಂಗಳಿಗೆ ನೂರೈವತ್ತಕ್ಕೂ ಮಿಗಿಲು. 2023ರಲ್ಲಿ ಬಂದ ಗೃಹಜ್ಯೋತಿಯ ಉಚಿತ ಮಿತಿಯು ಮನೆಯ ಹಿಂದಿನ ಸರಾಸರಿ ಬಳಕೆಯನ್ನು ಅವಲಂಬಿಸಿರುವುದರಿಂದ, ಒಂದೆರಡು ದೀಪವುರಿಸುವ ಬಡಮನೆಗೆ ಇದು ಹೊರೆಯೇ ಸರಿ. ಬಿಲ್ಲಿಗಂಜಿ ಮನೆಯವರು ಯಂತ್ರವನ್ನು ಆರಿಸಿದರೆ, ದಾನಿಯ ಹೆಸರಿನ ಫಲಕವು ಉಸಿರಾಡಿಸಲಾರದು.

ಮೂರನೆಯದು ವಿಧಿ. ಆಮ್ಲಜನಕವಿರುವಲ್ಲಿ ಬೆಂಕಿ ಬೇಗ ಹಬ್ಬುತ್ತದೆ. ಆದುದರಿಂದ ಬೀಡಿ, ಒಲೆಗಳಂತೆ ದೇವರ ದೀಪ, ಊದುಬತ್ತಿಗಳನ್ನೂ ದೂರವಿಡತಕ್ಕದ್ದು. ಹೆಚ್ಚು ಆಮ್ಲಜನಕದಿಂದ ಕೆಲವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವುದರಿಂದ ಪ್ರಮಾಣವನ್ನು ವೈದ್ಯರೇ ನಿಶ್ಚಯಿಸಬೇಕು. ವಿದ್ಯುತ್ತು ನಿಂತಾಗ ತುಂಬಿದ ಸಿಲಿಂಡರೊಂದು ಕೈಗೆ ಸಿಗುವಂತಿರಬೇಕು.

ಕೊನೆಗೆ ದಾತೃ. ಪ್ರಮಾದದಿಂದ ಪ್ರಾಣಕ್ಕೆ ಹಾನಿಮಾಡುವುದೇ ಹಿಂಸೆಯೆಂಬುದು ಆಚಾರ್ಯರ ನಿರ್ಣಯ. ಯಂತ್ರವನ್ನು ಕೊಟ್ಟು ಮರೆಯುವುದೂ ಪ್ರಮಾದವೇ. ಬಸದಿಯ ಟ್ರಸ್ಟು ಹತ್ತು ಯಂತ್ರಗಳನ್ನು ಹಂಚಿ ಕೈತೊಳೆದುಕೊಳ್ಳುವುದಕ್ಕಿಂತ, ನಾಲ್ಕನ್ನು ಕೊಟ್ಟು ಅವುಗಳ ವಿದ್ಯುತ್ತು, ದುರಸ್ತಿ, ತಿಂಗಳಿಗೊಮ್ಮೆಯ ವಿಚಾರಣೆಗಳನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡುವುದು ಮೇಲು. ದಾನವು ಕೊಟ್ಟ ದಿನಕ್ಕೆ ಮುಗಿಯದೆ, ಪಡೆದವರ ಉಸಿರು ಇರುವವರೆಗೂ ನಡೆಯಬೇಕು.