ಮೊದಲು ಬಂದ ಕರೆಗೆ ಓಗೊಡಬೇಕೆ?

‘ಹೌದು’ ಎಂಬುದು ಎರಡಕ್ಷರದ ಮಾತು. ಹೇಳುವುದು ಸುಲಭ, ಹೇಳಿದ ಮೇಲೆ ಅದರಂತೆ ನಡೆಯುವುದು ಕಷ್ಟ. ಹೇಳುವ ಮುನ್ನ ಎಷ್ಟು ಯೋಚಿಸಬೇಕು, ಹೇಳಿದ ಅನಂತರ ಅದಕ್ಕೆ ಎಷ್ಟರಮಟ್ಟಿಗೆ ಬದ್ಧರಾಗಿರಬೇಕು ಎಂಬ ಪ್ರಶ್ನೆ ಬಹಳ ಹಳೆಯದು. ಆದರೆ ಊರು ಬಿಟ್ಟು ಬಂದ ನಮ್ಮಂಥವರ ಮಕ್ಕಳ ಮುಂದೆ ಅದು ಹೊಸ ಹೊಸ ವೇಷದಲ್ಲಿ ಬಂದು ನಿಲ್ಲುತ್ತಿದೆ. ಅಂಥ ಒಂದು ಪ್ರಸಂಗವನ್ನು ವಾಚಕರ ಮುಂದಿಟ್ಟು ವಿಚಾರ ಮಾಡುವುದು ಈ ಬರಹದ ಉದ್ದೇಶ.

ಪುಣೆಯ ನಮ್ಮ ಸ್ನೇಹಿತರೊಬ್ಬರ ಮಗಳು ಇಲ್ಲಿ ದಂತವೈದ್ಯ ಪದವಿ ಪಡೆದು ಅಮೆರಿಕೆಗೆ ಹೋದಳು. ಅಲ್ಲಿ ವೃತ್ತಿ ಮಾಡಬಯಸುವ ವಿದೇಶೀ ಪದವೀಧರರು ಸಾಮಾನ್ಯವಾಗಿ ಅಲ್ಲಿನ ಕಾಲೇಜಿನಲ್ಲಿ ಮತ್ತೆ ಎರಡು ಮೂರು ವರ್ಷ ಓದಬೇಕು. ಆ ಓದಿನ ಕೊನೆಯ ವರ್ಷದಲ್ಲಿ ಆಕೆ ಆರ್ಥೊಡಾಂಟಿಕ್ಸ್ ರೆಸಿಡೆನ್ಸಿಗೆ ಅರ್ಜಿ ಹಾಕಿದಳು. ವಕ್ರದಂತಗಳನ್ನೂ ದವಡೆಗಳ ಹೊಂದಾಣಿಕೆಯನ್ನೂ ಸರಿಪಡಿಸುವ ಈ ವಿದ್ಯೆಯ ವಿಶೇಷ ಶಿಕ್ಷಣ ಅಲ್ಲಿ ಎರಡರಿಂದ ಮೂರು ವರ್ಷದ್ದು. ಒಂದೊಂದು ಸಂಸ್ಥೆಯಲ್ಲಿ ವರ್ಷಕ್ಕೆ ಕೆಲವೇ ಸ್ಥಾನಗಳಿರುತ್ತವೆ. ಕೆಲವು ಕಡೆ ವಿದ್ಯಾರ್ಥಿಗೆ ವೇತನ ದೊರೆಯುತ್ತದೆ. ಅನೇಕ ಕಡೆ ವಿದ್ಯಾರ್ಥಿಯೇ ದೊಡ್ಡ ಶುಲ್ಕ ತೆರಬೇಕು.

ಪ್ರವೇಶಕ್ಕೆ ಎರಡು ದಾರಿಗಳಿವೆ. ಒಂದು, ‘ಮ್ಯಾಚ್’ ಎಂಬ ಸಾಮೂಹಿಕ ವ್ಯವಸ್ಥೆ. ಸಂದರ್ಶನಗಳು ಮುಗಿದ ಮೇಲೆ ಅರ್ಜಿದಾರರು ತಮಗೆ ಬೇಕಾದ ಸಂಸ್ಥೆಗಳನ್ನು ಕ್ರಮವಾಗಿ ಬರೆದುಕೊಡುತ್ತಾರೆ, ಸಂಸ್ಥೆಗಳೂ ತಮಗೆ ಬೇಕಾದ ಅರ್ಜಿದಾರರನ್ನು ಹಾಗೆಯೇ ಬರೆದುಕೊಡುತ್ತವೆ. ಎರಡನ್ನೂ ಗಣಕಯಂತ್ರ ಹೊಂದಿಸಿ, ಡಿಸೆಂಬರ್ ತಿಂಗಳಲ್ಲಿ ಫಲಿತಾಂಶ ಪ್ರಕಟವಾಗುತ್ತದೆ. ಆ ಫಲಿತಾಂಶಕ್ಕೆ ಇಬ್ಬರೂ ಬದ್ಧರು. ಎರಡನೆಯದು, ಈ ವ್ಯವಸ್ಥೆಯ ಹೊರಗಿರುವ ಸಂಸ್ಥೆಗಳ ನೇರ ಕರೆ. ಇದು ಮ್ಯಾಚ್‌ಗಿಂತ ಮೊದಲೇ ಬರಬಹುದು, ಉತ್ತರಕ್ಕೆ ಕೊಡುವ ಕಾಲ ಸ್ವಲ್ಪವೇ ಆಗಿರಬಹುದು. ಹೊರಗಿನ ಸ್ಥಾನವನ್ನು ಒಪ್ಪಿಕೊಂಡವರು ಮ್ಯಾಚ್‌ನಿಂದ ತಮ್ಮ ಹೆಸರನ್ನು ಹಿಂದೆಗೆದುಕೊಳ್ಳಬೇಕು.

ಈ ಅವಸರದ ಕರೆಗಳ ಕಥೆ ಹೊಸದಲ್ಲ. 1940ರ ದಶಕದಲ್ಲಿ ಅಮೆರಿಕೆಯ ಆಸ್ಪತ್ರೆಗಳು ಎಳೆಯ ವೈದ್ಯರಿಗಾಗಿ ಪೈಪೋಟಿ ನಡೆಸಿ, ಪದವಿ ಮುಗಿಯಲು ಎರಡು ವರ್ಷ ಇರುವಾಗಲೇ ಸ್ಥಾನ ಕೊಡತೊಡಗಿದ್ದವು. 1945ರಲ್ಲಿ ಇದಕ್ಕೆ ತಡೆ ಹಾಕಿದಾಗ ಅವಸರ ಇನ್ನೊಂದು ರೂಪ ತಾಳಿತು. ಉತ್ತರಕ್ಕೆಂದು ಕೊಡುತ್ತಿದ್ದ 10 ದಿನಗಳ ಕಾಲಾವಕಾಶ ನಾಲ್ಕೈದು ವರ್ಷಗಳಲ್ಲಿ ಗಂಟೆಗಳ ಲೆಕ್ಕಕ್ಕೆ ಇಳಿಯಿತು. ಈ ಗೊಂದಲದಿಂದ ಬೇಸತ್ತೇ 1952ರಲ್ಲಿ ವೈದ್ಯರ ಮ್ಯಾಚ್ ಆರಂಭವಾಯಿತು. 1962ರಲ್ಲಿ ಗೇಲ್ ಮತ್ತು ಶಾಪ್ಲಿ ಎಂಬ ವಿದ್ವಾಂಸರು ಇಂಥ ಹೊಂದಾಣಿಕೆಯ ಗಣಿತವನ್ನು ನಿರೂಪಿಸಿದರು. ಅರ್ಜಿದಾರನ ಆಯ್ಕೆಯಿಂದ ಆರಂಭವಾಗುವ ಈ ಕ್ರಮದಲ್ಲಿ, ತನ್ನ ನಿಜವಾದ ಇಚ್ಛೆಯನ್ನು ಇದ್ದ ಹಾಗೆ ಬರೆದುಕೊಡುವುದೇ ಅರ್ಜಿದಾರನಿಗೆ ಲಾಭಕರವೆಂದು ಮುಂದೆ ಸಿದ್ಧವಾಯಿತು. ಸತ್ಯ ಹೇಳಿದವನಿಗೆ ನಷ್ಟವಾಗದಂತೆ ಒಂದು ವ್ಯವಸ್ಥೆಯನ್ನು ಕಟ್ಟಬಹುದೆಂಬುದು ಸಣ್ಣ ಮಾತಲ್ಲ. 2012ರಲ್ಲಿ ಶಾಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆತದ್ದು ಈ ಕ್ಷೇತ್ರದ ಕೆಲಸಕ್ಕಾಗಿಯೇ.

ನಮ್ಮ ಹುಡುಗಿಗೆ ಅಕ್ಟೋಬರ್ ತಿಂಗಳಲ್ಲಿ ಹೊರಗಿನ ಸಂಸ್ಥೆಯೊಂದರಿಂದ ಕರೆ ಬಂತು. ಒಪ್ಪುವುದಾದರೆ ಏಳು ದಿನಗಳೊಳಗೆ ಸಹಿ ಮಾಡಿ ಮುಂಗಡ ಹಣ ಕಳಿಸಬೇಕು. ಅಲ್ಲಿ ವೇತನವಿಲ್ಲ, ಶುಲ್ಕ ಬಹಳ. ಮೊದಲ ಓದಿಗೆಂದೇ ತಂದೆ ಪುಣೆಯ ಮನೆಯನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟಿದ್ದರು. ಆಕೆಯ ಮನಸ್ಸು, ಸೀಳುತುಟಿ ಸೀಳಂಗುಳದ ಮಕ್ಕಳಿಗೆ ಹೆಚ್ಚಾಗಿ ಚಿಕಿತ್ಸೆ ನಡೆಯುವ, ವೇತನವನ್ನೂ ಕೊಡುವ ಬೇರೊಂದು ಸಂಸ್ಥೆಯ ಮೇಲಿತ್ತು. ಆದರೆ ಅದು ಮ್ಯಾಚ್‌ನೊಳಗಿನದು; ಅಲ್ಲಿ ದೊರೆಯುವುದೆಂಬ ಭರವಸೆ ಯಾರೂ ಕೊಡಲಾರರು.

ತಂದೆಯವರು ಹೇಳಿದರು: “ಮೊದಲು ಹೂಂ ಅಂದುಬಿಡು. ಕೈಯಲ್ಲಿ ಒಂದು ಇರಲಿ. ಡಿಸೆಂಬರಿನಲ್ಲಿ ಒಳ್ಳೆಯದು ಸಿಕ್ಕರೆ ಇದನ್ನು ಬಿಟ್ಟರಾಯಿತು.” ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ, ದೂರವಾಣಿಯಲ್ಲಿ ನಾನೂ ಅದೇ ಮಾತನ್ನೇ ಹೇಳಿದೆ. ಸೀಟು ಹಿಡಿದಿಟ್ಟುಕೊಳ್ಳುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ ಅದರಲ್ಲಿ ತಪ್ಪಿದೆಯೆಂದೇ ತೋಚುವುದಿಲ್ಲ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾಕಾ, ಇಲ್ಲಿಗೆ ಹೂಂ ಅಂದು ಅಲ್ಲಿಯೂ ಹೆಸರು ಇಟ್ಟುಕೊಂಡರೆ ಇಬ್ಬರಿಗೂ ಸುಳ್ಳು ಹೇಳಿದ ಹಾಗೆ ಆಗುತ್ತದೆ. ಅದಕ್ಕೆ ನೀವು ಒಪ್ಪುತ್ತೀರಾ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ರಾತ್ರಿ ನನಗೆ ಶಲ್ಯನ ನೆನಪಾಯಿತು. ಮಾದ್ರಿಯ ಅಣ್ಣನಾದ ಆತ ಸೈನ್ಯದೊಡನೆ ಹೊರಟದ್ದು ಪಾಂಡವರ ಪಕ್ಷ ಸೇರಲು. ದಾರಿಯುದ್ದಕ್ಕೂ ದುರ್ಯೋಧನ ಗುಟ್ಟಾಗಿ ಸತ್ಕಾರದ ಏರ್ಪಾಡು ಮಾಡಿಸಿದ್ದ. ಅದು ಧರ್ಮರಾಜನ ಉಪಚಾರವೆಂದು ತಿಳಿದು ಮೆಚ್ಚಿದ ಶಲ್ಯ ವರ ಕೊಡಲು ಮುಂದಾದ. ಎದುರಿಗೆ ಬಂದು ನಿಂತವನು ದುರ್ಯೋಧನ. ಕೊಟ್ಟ ಮಾತಿನಂತೆ ಶಲ್ಯ ಕೌರವರ ಪಕ್ಷದಲ್ಲಿ ಯುದ್ಧ ಮಾಡಿದ. ಆದರೆ ಕರ್ಣನ ಸಾರಥಿಯಾದಾಗ ಆತನ ಉತ್ಸಾಹವನ್ನು ಕುಂದಿಸುವುದಾಗಿ ಧರ್ಮರಾಜನಿಗೂ ಮಾತು ಕೊಟ್ಟು, ಹಾಗೆಯೇ ನಡೆದುಕೊಂಡ. ದೇಹ ಒಂದು ಕಡೆ, ಮನಸ್ಸು ಇನ್ನೊಂದು ಕಡೆ. ಯಾರ ರಥದಲ್ಲಿ ಕುಳಿತನೋ ಅವನಿಗೆ ಅವನು ಪೂರ್ತಿಯಾಗಿ ದಕ್ಕಲಿಲ್ಲ. ಅವಸರದ ಸಮ್ಮತಿಯಿಂದ ಆಗುವ ಅನರ್ಥ ಎರಡು ವಿಧ: ಮಾತಿಗೆ ತಪ್ಪುವುದು ಒಂದು, ಮಾತನ್ನು ಉಳಿಸಿಕೊಂಡೂ ಮನಸ್ಸನ್ನು ಕೊಡದಿರುವುದು ಇನ್ನೊಂದು.

ಹಾಗೆಂದು ಮೊದಲು ಬಂದ ಕರೆಯನ್ನು ಒಪ್ಪುವುದೇ ತಪ್ಪೆಂದು ಭಾವಿಸಬಾರದು. ನಿಶ್ಚಿತವಾದುದನ್ನು ಬಿಟ್ಟು ಅನಿಶ್ಚಿತವಾದುದರ ಬೆನ್ನು ಹತ್ತುವುದು ಎಲ್ಲರಿಗೂ ವಿವೇಕವಲ್ಲ. ಸಂಸ್ಥೆ ಮಾನ್ಯತೆ ಪಡೆದುದೇ, ಅಲ್ಲಿನ ಬೋಧನೆ ಒಳ್ಳೆಯ ವೈದ್ಯನನ್ನು ರೂಪಿಸಬಲ್ಲುದೇ, ಅದರ ಸಾಲ ಯಾರ ಹೆಗಲ ಮೇಲೆ ಬೀಳುತ್ತದೆ ಎಂದು ಮೊದಲು ನೋಡಬೇಕು. ಕೊನೆಗೆ ಒಂದು ಪ್ರಶ್ನೆ ಉಳಿಯುತ್ತದೆ: ನಾಳೆ ಇದಕ್ಕಿಂತ ಒಳ್ಳೆಯದು ಸಿಗಬಹುದಿತ್ತೆಂದು ಕಿವಿಗೆ ಬಿದ್ದರೂ ನನ್ನ ಮನಸ್ಸು ಇಲ್ಲಿಯೇ ನಿಲ್ಲುವುದೇ? ನಿಲ್ಲುವುದಾದರೆ ‘ಹೌದು’ ಎಂದು, ಅಂದೇ ಉಳಿದ ಬಾಗಿಲುಗಳನ್ನು ತಾನಾಗಿ ಮುಚ್ಚಬೇಕು. ನಿಲ್ಲದಿದ್ದರೆ ‘ಇಲ್ಲ’ ಎಂದು ವಿನಯದಿಂದ ತಿಳಿಸಬೇಕು. ಇನ್ನೆರಡು ದಿನ ಕಾಲಾವಕಾಶ ಕೇಳುವುದೂ ಅವಿನಯವಲ್ಲ. ಹೌದೆಂದು ಹೇಳಿ ಕೈಬಿಡುವುದು ಮಾತ್ರ ಅನ್ಯಾಯ. ಆ ಸ್ಥಾನಕ್ಕಾಗಿ ಕಾದಿದ್ದ ಇನ್ನೊಬ್ಬರ ಮಗುವಿಗೆ ಅಷ್ಟು ಹೊತ್ತಿಗೆ ಬೇರೆ ದಾರಿ ಹಿಡಿಯಬೇಕಾಗಿ ಬಂದಿರುತ್ತದೆ.

ಈ ವೃತ್ತಿಗೂ ಕೊಟ್ಟ ಮಾತಿಗೂ ನೇರವಾದ ಸಂಬಂಧವಿದೆ. ಹಲ್ಲುಗಳನ್ನು ಸರಿಪಡಿಸುವ ಚಿಕಿತ್ಸೆ ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ ನಡೆಯುತ್ತದೆ. ಬಾಯಿಗೆ ತಂತಿ ಕಟ್ಟಿಸಿಕೊಂಡ ಮಗು ತಿಂಗಳು ತಿಂಗಳೂ ವೈದ್ಯರನ್ನು ನಂಬಿ ಬರುತ್ತದೆ. ಹೆಚ್ಚು ಲಾಭದ ರೋಗಿ ಬಂದನೆಂದು ಅದನ್ನು ನಡುದಾರಿಯಲ್ಲಿ ಬಿಡಲಾದೀತೆ? ವೃತ್ತಿಯ ಹೊಸ್ತಿಲಲ್ಲಿಯೇ ಮಾತನ್ನು ಹಗುರವಾಗಿ ಕಂಡವರು ಒಳಗೆ ಹೋದ ಮೇಲೆ ಬೇರೆಯಾಗುವರೆಂದು ನಂಬುವುದು ಕಷ್ಟ.

ಹುಡುಗಿ ಎರಡು ದಿನ ಹೆಚ್ಚಿಗೆ ಕಾಲ ಕೇಳಿ ಪಡೆದಳು. ಅಲ್ಲಿ ಓದುತ್ತಿರುವ ಇಬ್ಬರೊಡನೆ ಮಾತನಾಡಿದಳು, ಶುಲ್ಕದ ಲೆಕ್ಕವನ್ನು ತಂದೆಯ ಮುಂದಿಟ್ಟಳು. ಕೊನೆಗೆ, ಪೂರ್ಣ ಮನಸ್ಸಿನಿಂದ ಬರಲಾರೆನೆಂದು ಸಂಸ್ಥೆಗೆ ಕೃತಜ್ಞತೆಯ ಪತ್ರ ಬರೆದಳು. ಡಿಸೆಂಬರಿನಲ್ಲಿ ಮ್ಯಾಚ್ ಫಲಿತಾಂಶ ಬಂತು. ಆಕೆಗೆ ಎಲ್ಲಿಯೂ ಸ್ಥಾನ ದೊರೆಯಲಿಲ್ಲ.

ಆ ವಾರ ಅವರ ಮನೆಗೆ ಹೋದಾಗ ತಂದೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಅಂದು ಹಿಡಿದಿಟ್ಟುಕೊಂಡಿದ್ದರೆ ಇವತ್ತು ಈ ಸ್ಥಿತಿ ಬರುತ್ತಿರಲಿಲ್ಲ” ಎಂದರು. ಆ ಮಾತು ಸುಳ್ಳಲ್ಲ. ಒತ್ತೆಯಿಟ್ಟ ಮನೆಯಲ್ಲಿ ಕುಳಿತವರಿಗೆ ನೀತಿ ಹೇಳುವ ಅಧಿಕಾರ ನನಗಿಲ್ಲವೆಂದು ಸುಮ್ಮನಿದ್ದೆ. ಒಳಗಿನಿಂದ ಕಾಫಿ ತಂದ ತಾಯಿಯವರೇ ಹೇಳಿದರು: “ಸಿಗದೆ ಇದ್ದದ್ದಕ್ಕೆ ಸಂಕಟವಿದೆ. ಆದರೆ ಅವಳು ಮಾಡಿದ್ದು ತಪ್ಪೆಂದು ನನಗೆ ಅನ್ನಿಸುವುದಿಲ್ಲ.”

ಈ ಎರಡು ಮಾತುಗಳು ಒಟ್ಟಿಗೆ ನಿಜವಾಗಿರಬಲ್ಲವು ಎಂಬುದನ್ನು ನಾವು ಮರೆಯುತ್ತೇವೆ. ಫಲ ಕೆಟ್ಟಿತೆಂದ ಮಾತ್ರಕ್ಕೆ ನಿರ್ಣಯ ಕೆಟ್ಟದ್ದಲ್ಲ; ಫಲ ಒಳ್ಳೆಯದಾಯಿತೆಂದು ವಂಚನೆ ಒಳ್ಳೆಯದಾಗುವುದಿಲ್ಲ. ನಿರ್ಣಯದ ಹೊತ್ತಿಗೆ ನಮಗೆ ತಿಳಿದದ್ದೆಷ್ಟು, ಅದನ್ನು ಎಷ್ಟು ಪ್ರಾಮಾಣಿಕವಾಗಿ ತೂಗಿದೆವು ಎಂಬುದಷ್ಟೇ ನಮ್ಮ ವಶದಲ್ಲಿರುವುದು.

ಆಕೆ ಈಗ ಅಲ್ಲಿನ ಒಂದು ಚಿಕಿತ್ಸಾಲಯದಲ್ಲಿ ಸಾಮಾನ್ಯ ದಂತವೈದ್ಯೆಯಾಗಿ ದುಡಿಯುತ್ತ ತಂದೆಯ ಸಾಲಕ್ಕೆ ಹಣ ಕಳಿಸುತ್ತಿದ್ದಾಳೆ. ಮುಂದಿನ ಬಾರಿ ಮತ್ತೆ ಅರ್ಜಿ ಹಾಕುವವಳಿದ್ದಾಳೆ. ಮತ್ತೆ ಬೇಗನೆ ಕರೆ ಬಂದರೆ ಏನು ಮಾಡುವೆಯೆಂದು ಕೇಳಿದೆ. “ಈ ಸಲ ಹೂಂ ಅನ್ನಬಹುದು ಕಾಕಾ. ಅಂದರೆ ಹೋಗಿಯೇ ತೀರುತ್ತೇನೆ” ಎಂದಳು. ನಮ್ಮ ಮಕ್ಕಳು ಸಲಹೆ ಕೇಳಿ ದೂರದಿಂದ ಕರೆ ಮಾಡಿದಾಗ ‘ಕೈಯಲ್ಲಿ ಒಂದು ಇರಲಿ’ ಎಂದು ಹೇಳುವ ಮುನ್ನ ಹಿರಿಯರಾದ ನಾವು ಒಂದು ಕ್ಷಣ ತಡೆಯುವುದು ಒಳ್ಳೆಯದು.